ದೋಣಿಯ ಸಂಸಾರಕ್ಕೂ ಒಂದು ದಂಡೆ ಬೇಕು

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು, ಎಳೆಯ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ಸುತ್ತುವ ಗಂಡ ಹೆಂಡಿರ ವಿಡಿಯೊಗಳು ಈಗ ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕೂತ ಹುಡುಗರ ಮೊಬೈಲಿನಲ್ಲೂ ಓಡುತ್ತವೆ. ನೋಡುವವರಿಗೆ ಬೇಕಾದದ್ದು ಅಲೆ, ಬಿರುಗಾಳಿ, ದೋಣಿಯ ಪಕ್ಕಕ್ಕೆ ಬಂದು ಜಿಗಿಯುವ ಡಾಲ್ಫಿನ್. ಆದರೆ ಇಂಥ ಕುಟುಂಬಗಳ ವರ್ಷದ ಲೆಕ್ಕ ಹಾಕಿದರೆ ನಡುಗಡಲಿನ ದಿನಗಳು ಸ್ವಲ್ಪವೇ. ಬಹುಪಾಲು ಕಾಲ ಅವರು ಯಾವುದೋ ಬಂದರಿನಲ್ಲಿ ಲಂಗರು ಹಾಕಿ ಕಾಯುತ್ತ ಕೂತಿರುತ್ತಾರೆ. ಗಾಳಿಯ ದಿಕ್ಕು ಬದಲಾಗಲಿ ಎಂದು, ಎಂಜಿನ್ನಿನ ಬಿಡಿಭಾಗ ಬರಲಿ ಎಂದು, ವೀಸಾ ಸಿಗಲಿ ಎಂದು. ನೀರಿನ ಮೇಲೆ ಬದುಕುವವರ ಹಣೆಬರಹ ಬರೆಯುವುದು ದಂಡೆ ಎಂಬುದು ನನ್ನ ವಾದ. ಕಡಲೇ ಇಲ್ಲದ ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಈ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ, ಅಲ್ಲಿಗೇ ಬರುತ್ತೇನೆ.

ಮೊದಲು ಬಂದರಿನ ರಿವಾಜು ನೋಡೋಣ. ಪರದೇಶದ ಬಂದರು ಹತ್ತಿರವಾದೊಡನೆ ಹಾಯಿದೋಣಿಯವರು ಚೌಕಾಕಾರದ ಹಳದಿ ಬಾವುಟ ಏರಿಸುತ್ತಾರೆ. ನಮ್ಮಲ್ಲಿ ಯಾರಿಗೂ ರೋಗವಿಲ್ಲ, ಒಳಗೆ ಬರಲು ಅಪ್ಪಣೆ ಕೊಡಿ ಎಂಬ ಬೇಡಿಕೆ ಅದು. ಆರೋಗ್ಯ, ಸುಂಕ ಮತ್ತು ವಲಸೆ ಇಲಾಖೆಗಳವರು ಕಾಗದ ನೋಡಿ ಒಪ್ಪಿಗೆ ಕೊಡುವವರೆಗೆ ಹೆಂಡತಿ ಮಕ್ಕಳು ನೆಲಕ್ಕೆ ಕಾಲಿಡುವಂತಿಲ್ಲ. ಕಾಗದ ಹಿಡಿದು ಓಡಾಡಬೇಕಾದವನು ದೋಣಿಯ ಯಜಮಾನ. ದೋಣಿಯ ನೋಂದಣಿ ಪತ್ರ, ಹಿಂದಿನ ಬಂದರಿನವರು ಕೊಟ್ಟ ಬಿಡುಗಡೆ ಪತ್ರ, ಒಳಗಿರುವವರ ಪಟ್ಟಿ, ಇಷ್ಟೂ ಬೇಕು. ದೋಣಿಯ ಹಿಂಬದಿಯಲ್ಲಿ ಅದರ ಹೆಸರಿನ ಕೆಳಗೆ ಒಂದು ಊರಿನ ಹೆಸರೂ ಬರೆದಿರುತ್ತದೆ. ಅದು ನೋಂದಣಿಯಾದ ಊರು. ಎಷ್ಟೋ ದೋಣಿಗಳು ಆ ಊರಿನ ನೀರನ್ನು ಕಂಡೇ ಇರುವುದಿಲ್ಲ. ಆದರೂ ಜಗತ್ತಿನ ಯಾವ ಮೂಲೆಗೆ ಹೋದರೂ ಇದು ಇಂಥ ದೇಶದ, ಇಂಥ ಊರಿನ ದೋಣಿ ಎಂದು ಹೇಳಲು ಆ ಎರಡು ಸಾಲು ಸಾಕು.

ಒಳಗೆ ಬಿಟ್ಟುಕೊಂಡ ಮೇಲೆ ಸಂಸಾರದ ಕೆಲಸ ಶುರು. ಸಿಹಿನೀರಿನ ಟಾಕಿ ತುಂಬಿಸಬೇಕು. ಕಡಲಲ್ಲಿದ್ದಷ್ಟು ದಿನ ಪಾತ್ರೆ ತೊಳೆದದ್ದು ಉಪ್ಪುನೀರಲ್ಲಿ. ಹರಿದ ಹಾಯಿ ಹೊಲಿಯಬೇಕು. ದೋಣಿಯ ತಳಕ್ಕೆ ಅಂಟಿ ಬೆಳೆದ ಪಾಚಿ, ಚಿಪ್ಪು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ವೇಗ ಕುಗ್ಗುತ್ತದೆ. ಸಂತೆ ಮಾಡಿದರೆ ರಟ್ಟಿನ ಡಬ್ಬಿಗಳನ್ನು ದಂಡೆಯಲ್ಲೇ ಬಿಟ್ಟು ಸಾಮಾನಷ್ಟೇ ಒಳಗೆ ಒಯ್ಯುತ್ತಾರೆ, ಏಕೆಂದರೆ ರಟ್ಟಿನ ಸಂದಿಯಲ್ಲಿ ಜಿರಲೆಯ ಮೊಟ್ಟೆ ಇರಬಹುದು. ಒಮ್ಮೆ ದೋಣಿಗೆ ಜಿರಲೆ ಹೊಕ್ಕಿತೆಂದರೆ ಮುಗಿಯಿತು. ಅಡುಗೆ ಗ್ಯಾಸಿನದು ಬೇರೆಯೇ ಪಜೀತಿ. ಒಂದು ದೇಶದ ಸಿಲಿಂಡರಿನ ಬಾಯಿ ಇನ್ನೊಂದು ದೇಶದ ರೆಗ್ಯುಲೇಟರಿಗೆ ಕೂಡುವುದಿಲ್ಲ. ಇಷ್ಟರ ನಡುವೆ ಮಕ್ಕಳ ಪಾಠ. ಕಡಲ ಪಯಣದ ವಿಡಿಯೊಗಳಲ್ಲಿ ಇದೆಲ್ಲ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಎಷ್ಟು ದಿನ ನಿಲ್ಲಬೇಕೆಂಬುದನ್ನು ಋತು ಹೇಳುತ್ತದೆ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಆಗ ಅನೇಕ ಹಾಯಿದೋಣಿಗಳು ನ್ಯೂಜಿಲೆಂಡಿಗೆ ಇಳಿದು ಅಲ್ಲೇ ಠಿಕಾಣಿ ಹೂಡುತ್ತವೆ. ಅರಬ್ಬೀ ಸಮುದ್ರವನ್ನು ಮುಂಗಾರಿನಲ್ಲಿ ಯಾರೂ ಕೆಣಕುವುದಿಲ್ಲ. ಈಶಾನ್ಯದ ಗಾಳಿ ಹಿಡಿದು ಚಳಿಗಾಲ ಮುಗಿಯುವುದರೊಳಗೆ ದಾಟಿಬಿಡುತ್ತಾರೆ. ನಮ್ಮ ದೇಶಕ್ಕೆ ಬರುವ ಇಂಥ ಕುಟುಂಬಗಳಿಗೆ ಗೊತ್ತಿರುವ ತಂಗುದಾಣ ಕೊಚ್ಚಿಯ ಬೋಳ್ಗಾಟಿ ದ್ವೀಪದ ಮರೀನಾ. ಕರ್ನಾಟಕದಲ್ಲಿ ಈ ಬದುಕಿಗೆ ಹತ್ತಿರವಾದದ್ದನ್ನು ನೋಡಬೇಕೆಂದರೆ ಮಂಗಳೂರಿನ ಹಳೆ ಬಂದರಿಗೆ ಹೋಗಬೇಕು. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ, ದನಕರು ಹೊತ್ತೊಯ್ಯುವ ಮಂಜಿಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಎಂಜಿನ್ ಬಂದು ಎಷ್ಟೋ ಕಾಲವಾದರೂ ಸರ್ಕಾರದ ಕಡತದಲ್ಲಿ ಅವು ಇಂದಿಗೂ ಯಾಂತ್ರೀಕೃತ ಹಾಯಿಹಡಗುಗಳೇ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಅವಕ್ಕೆ ಕಡಲಿಗಿಳಿಯುವ ಅನುಮತಿ ಇಲ್ಲ. ಆದರೆ ಮಂಜಿಯಲ್ಲಿ ಗಂಡಸರದೇ ಸಂಸಾರ, ಹೆಂಡತಿ ಮಕ್ಕಳು ಊರಲ್ಲಿ.

ಹೆಂಡತಿ ಮಕ್ಕಳ ಸಮೇತ ಕಡಲಲ್ಲಿ ಬದುಕಿದವರಲ್ಲಿ ಹೆಸರುವಾಸಿಯಾದವನು ಜೋಶುವಾ ಸ್ಲೋಕಮ್. 1895ರಿಂದ 1898ರವರೆಗೆ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗನೆಂದು ಅವನನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮಾತ್ರ ಅದಕ್ಕಿಂತ ಹಿಂದಿನ ಕಥೆ ಹೆಚ್ಚು ಹಿಡಿಸುತ್ತದೆ. ಅವನ ಮೊದಲ ಹೆಂಡತಿ ವರ್ಜೀನಿಯಾ ಹಡಗಿನಲ್ಲೇ ಮಕ್ಕಳನ್ನು ಹೆತ್ತು ಸಾಕಿದವಳು. 1884ರಲ್ಲಿ ಬ್ಯೂನಸ್ ಐರಿಸ್ ಬಂದರಿನಲ್ಲಿ ಹಡಗು ನಿಂತಿದ್ದಾಗಲೇ ತೀರಿಕೊಂಡಳು. ಎರಡನೆಯ ಹೆಂಡತಿ ಹೆಟ್ಟಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಅವನು ‘ಅಕ್ವಿಡ್ನೆಕ್’ ಎಂಬ ಹಡಗಿನಲ್ಲಿ ಅರ್ಜೆಂಟೀನಾದಿಂದ ಬ್ರೆಜಿಲ್‌ಗೆ ಒಣಹುಲ್ಲು ತುಂಬಿಕೊಂಡು ಹೋದ. ಅರ್ಜೆಂಟೀನಾದಲ್ಲಿ ಕಾಲರಾ ಇದೆ ಎಂದು ಬ್ರೆಜಿಲ್‌ನವರು ಬಂದರಿನ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರು. ಮುಂದೆ ಹಡಗಿನ ಆಳುಗಳಿಗೆ ಸಿಡುಬು ಬಂದಾಗಲೂ ಬಂದರು ಹುಡುಕುತ್ತ ಅಲೆಯಬೇಕಾಯಿತು. ಕೊನೆಗೆ 1887ರ ಡಿಸೆಂಬರಿನಲ್ಲಿ ಬ್ರೆಜಿಲ್‌ನ ಪರನಾಗ್ವಾ ಹತ್ತಿರ ಹಡಗೇ ಮರಳಿಗೆ ಸಿಕ್ಕಿ ಹಾಳಾಯಿತು. ಸ್ಲೋಕಮ್ ಅಲ್ಲಿಯ ದಂಡೆಯ ಮೇಲೆಯೇ ಸಿಕ್ಕ ಮರ, ಹಳೆ ಹಡಗಿನ ಕಬ್ಬಿಣ ಸೇರಿಸಿ 35 ಅಡಿಯ ಒಂದು ದೋಣಿ ಕಟ್ಟಿದ. ಹಾಯಿ ಹೊಲಿದವಳು ಹೆಟ್ಟಿ. ದೋಣಿ ನೀರಿಗಿಳಿದದ್ದು 1888ರ ಮೇ 13ರಂದು, ಬ್ರೆಜಿಲ್ ಗುಲಾಮಗಿರಿ ರದ್ದು ಮಾಡಿದ ದಿನ. ಹಾಗಾಗಿ ಅದಕ್ಕೆ ‘ಲಿಬರ್ದಾಜಿ’, ಅಂದರೆ ಬಿಡುಗಡೆ ಎಂದು ಹೆಸರಿಟ್ಟ. ಅದರಲ್ಲೇ ನಾಲ್ವರೂ ಅಮೆರಿಕ ಮುಟ್ಟಿದರು. ಕಡಲು ಆ ಸಂಸಾರವನ್ನು ಕಾಡಿದ್ದು ನಿಜ. ಬಂದರುಗಳು ಅದಕ್ಕಿಂತ ಹೆಚ್ಚು ಕಾಡಿದವು ಎಂದು ನನಗನ್ನಿಸುತ್ತದೆ.

ಈಗ ನಮ್ಮ ಸೀಮೆ. ಬಯಲುಸೀಮೆಗೂ ಹಡಗಿಗೂ ಏನು ಸಂಬಂಧ ಎನ್ನುವವರು ಹುನಗುಂದ ಸೀಮೆಯ ಐಹೊಳೆಗೆ ಹೋಗಿ ಮೇಗುತಿ ಗುಡಿಯ ಗೋಡೆ ನೋಡಬೇಕು. ಕ್ರಿ.ಶ. 634ರ ಆ ಶಾಸನದಲ್ಲಿ ರವಿಕೀರ್ತಿ, ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಸಂಗತಿಯನ್ನು ಕೊರೆಸಿದ್ದಾನೆ. ಇನ್ನು ಇಳಕಲ್ಲಿನ ಕೆಂಪು ಗ್ರಾನೈಟು ಹಡಗೇರಿ ಪರದೇಶಕ್ಕೆ ಹೋಗುತ್ತದೆ. ಇಳಕಲ್ಲಿನವರಿಗಿಂತ ಇಳಕಲ್ಲಿನ ಕಲ್ಲು ಹೆಚ್ಚು ಕಡಲು ಕಂಡಿದೆ. ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ಹರಕೆ ಹೊತ್ತವರು ಹುಟ್ಟಿದ ಕೂಸನ್ನು ಬಾಳೆದಿಂಡಿನ ತೆಪ್ಪದಲ್ಲಿ ಮಲಗಿಸಿ ಹರಿದ್ರಾ ತೀರ್ಥದ ಹೊಂಡದಲ್ಲಿ ತೇಲಿಸುತ್ತಾರೆ. ನಮ್ಮ ಕಡೆಯ ಎಷ್ಟೋ ಜನರ ಮೊದಲ ಜಲಯಾನ ಅದೇ, ಕೊನೆಯದೂ ಅದೇ.

ಆದರೆ ನಿಜವಾಗಿ ನೀರಿನ ಮೇಲೆ ಸಂಸಾರ ಹೂಡಿದವರು ನಮ್ಮಲ್ಲೂ ಇದ್ದಾರೆ. ಬಾಗಲಕೋಟೆಯಿಂದ ಬೀಳಗಿ, ಕೊಲ್ಹಾರದ ಕಡೆ ಹೊರಟರೆ ಆಲಮಟ್ಟಿಯ ಹಿನ್ನೀರು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಆಸುಪಾಸಿನ ದಂಡೆಗಳಲ್ಲಿ ತಾಡಪತ್ರಿ ಹೊದಿಸಿದ ಗುಡಿಸಲು, ಕಂಬದಿಂದ ಕಂಬಕ್ಕೆ ಒಣಹಾಕಿದ ಬಲೆ, ಬೋರಲಾಗಿ ಮಲಗಿಸಿದ ತೆಪ್ಪ ಕಂಡರೆ ಅದು ಒಂದು ನಿಲ್ದಾಣ ಎಂದು ತಿಳಿಯಿರಿ. ಇವರಲ್ಲಿ ಸುತ್ತಲಿನ ಹಳ್ಳಿಗಳ ಅಂಬಿಗರು, ಗಂಗಾಮತಸ್ಥರು ಇದ್ದಾರೆ. ಕೃಷ್ಣೆಯ ಗುಂಟ ಕೆಳಗಿನ ಸೀಮೆಗಳಿಂದ, ಆಂಧ್ರ ತೆಲಂಗಾಣಗಳ ಕಡೆಯಿಂದ ಮೀನಿನ ಹಂಗಾಮಿಗೆ ಬರುವವರೂ ಇದ್ದಾರೆ.

ಇವರ ದೋಣಿಗೆ ಹಾಯಿ ಇಲ್ಲ. ಬಿದಿರು ಸೀಳಿ ಹೆಣೆದ ದುಂಡನೆಯ ಬುಟ್ಟಿ ಅದು. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹಾಕಿ ಡಾಂಬರು ಬಳಿಯುತ್ತಾರೆ. ಫೈಬರಿನದೂ ಬಂದಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಈ ಬುಟ್ಟಿದೋಣಿಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ, ಬೇಕೆಂದರೆ ಕುದುರೆ ಎತ್ತುಗಳೂ ದಾಟಬಹುದು, ಆದರೆ ಇದು ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂಬುದು ಅವನು ಕಂಡ ಸಾರ. ಐದುನೂರು ವರ್ಷವಾದರೂ ಆ ವರ್ಣನೆಯಲ್ಲಿ ತಿದ್ದಬೇಕಾದ್ದು ಕಡಿಮೆ. ತಿರುಗುವ ತೆಪ್ಪವನ್ನು ಒಂದೇ ಹುಟ್ಟಿನಲ್ಲಿ ನೆಟ್ಟಗೆ ಒಯ್ಯುವುದೇ ವಿದ್ಯೆ, ಮತ್ತು ಈ ವಿದ್ಯೆ ಹೆಚ್ಚಾಗಿ ಇರುವುದು ಹೆಂಗಸರ ಕೈಯಲ್ಲಿ. ಸಂಜೆಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಆಕೆ ಹುಟ್ಟು ಹಾಕುತ್ತಾಳೆ, ಆತ ಬಲೆ ಬಿಡುತ್ತಾನೆ. ನಸುಕಿನಲ್ಲಿ ಮತ್ತೆ ಹೋಗಿ ಎತ್ತುತ್ತಾರೆ. ಕೂಸಿದ್ದರೆ ಅದೂ ಅವರ ಜೊತೆ ತೆಪ್ಪದಲ್ಲೇ. ಕಟ್ಲಾ, ರೋಹು, ಮೃಗಾಲ್ ಸಿಕ್ಕರೆ ಅದೃಷ್ಟ; ಬೆಳಕಾಗುವುದರೊಳಗೆ ದಂಡೆಗೆ ಬರ್ಫದ ಪೆಟ್ಟಿಗೆ ತಂದು ನಿಲ್ಲುವ ವ್ಯಾಪಾರಿಗೆ ತೂಕ ಹಾಕಿ ಕೊಡುತ್ತಾರೆ. ಬಲೆಗೆ, ತೆಪ್ಪಕ್ಕೆ ಮುಂಗಡ ಕೊಟ್ಟವನೂ ಬಹಳ ಸಲ ಅವನೇ ಆದ್ದರಿಂದ ದರ ಹೇಳುವವನೂ ಅವನೇ. ಇನ್ನು ನೀರೊಳಗೆ ಮುಳುಗಿದ ಊರುಗಳ ಗೋಡೆ, ಜಾಲಿಗಿಡದ ಬೊಡ್ಡೆಗೆ ಸಿಕ್ಕಿ ಬಲೆ ಹರಿಯುತ್ತದೆ. ಮೊಸಳೆಯ ಹೆದರಿಕೆ ಬೇರೆ.

ಬೇಸಿಗೆಯ ಬಿಸಿಲಿಗೆ, ಒಮ್ಮೆಲೇ ಬಿದ್ದ ಮಳೆಗೆ ಈ ತೆಪ್ಪವನ್ನೇ ಬೋರಲು ಹಾಕಿ ಅದರ ಕೆಳಗೆ ಕೂರುತ್ತಾರೆ. ಮುಂದಿನ ದಂಡೆಗೆ ಹೋಗುವಾಗ ಪಾತ್ರೆ, ಹಾಸಿಗೆ, ಒಲೆಯ ಕಲ್ಲು ಎಲ್ಲ ಅದರೊಳಗೇ. ಬೋಳ್ಗಾಟಿಯಲ್ಲಿ ನಿಂತ ಹಾಯಿದೋಣಿಗೂ ಚಿಕ್ಕಸಂಗಮದಲ್ಲಿ ನಿಂತ ತೆಪ್ಪಕ್ಕೂ ದುಡ್ಡಿನಲ್ಲಿ ಅಜಗಜಾಂತರ. ಒಂದು ಖುಷಿಗೆ ಹೊರಟದ್ದು, ಇನ್ನೊಂದು ಹೊಟ್ಟೆಗೆ. ಆದರೆ ನಿಲ್ಲುವಾಗ ಇಬ್ಬರಿಗೂ ಬೇಕಾದದ್ದು ಒಂದೇ ಬಗೆಯದು: ಕುಡಿಯುವ ನೀರು, ಉರುವಲು, ರಿಪೇರಿಗೆ ಜಾಗ, ಸಂತೆ, ಮಕ್ಕಳಿಗೆ ಶಾಲೆ, ಇವರು ಇಂಥವರು ಎಂದು ಹೇಳುವ ಒಂದು ಕಾಗದ.

ನಮ್ಮಲ್ಲಿ ಈ ನಿಲುಗಡೆ ಹಾಯಿದೋಣಿಯವರಿಗಿಂತ ಕಷ್ಟದ್ದು. ಏಕೆಂದರೆ ಇಲ್ಲಿ ದಂಡೆಯೇ ಸರಿಯುತ್ತದೆ. ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ 519.60 ಮೀಟರಿಗೆ ತುಂಬಿದಾಗ 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಜುಲೈ ಆಗಸ್ಟಿನಲ್ಲಿ ಕೆಲವೇ ವಾರಗಳಲ್ಲಿ ಇದು ತುಂಬುತ್ತದೆ. ಆಮೇಲೆ ಕಾಲುವೆಗೆ, ಕೆಳಗಿನ ನಾರಾಯಣಪುರಕ್ಕೆ ಬಿಡುತ್ತ ಬಿಡುತ್ತ ಬೇಸಿಗೆಯ ಕೊನೆಗೆ ಹತ್ತು ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ನಮ್ಮ ಎರೆಭೂಮಿಯ ಇಳಿಜಾರು ಬಹಳ ಸಣ್ಣದು. ನೀರು ಇಷ್ಟು ಇಳಿದರೆ ದಂಡೆ ಮೈಲುಗಟ್ಟಲೆ ಹಿಂದೆ ಹೋಗುತ್ತದೆ. ದೀಪಾವಳಿಗೆ ಗುಡಿಸಲಿನ ಮುಂದೆ ಇದ್ದ ನೀರು ಯುಗಾದಿಗೆ ಕಣ್ಣಿಗೆ ಕಾಣದಷ್ಟು ದೂರ. ನಡುವೆ ಕೆಸರು, ಅದರ ಮೇಲೆ ನೀರಿಳಿದ ನೆಲ ಕಂಡು ಬಿತ್ತಿದವರ ಪೈರು. ಮೀನು ಹಿಡಿಯುವವನು ಗುಡಿಸಲು ಕಿತ್ತು ನೀರಿನ ಬೆನ್ನು ಹತ್ತಬೇಕು, ಮತ್ತೆ ಮಳೆಗಾಲಕ್ಕೆ ನೀರು ಬೆನ್ನಟ್ಟಿ ಬಂದಾಗ ಮೇಲೇರಬೇಕು. ಮುಳುಗಡೆಗೆಂದು ಸರ್ಕಾರ ಸ್ವಾಧೀನ ಮಾಡಿಕೊಂಡ ನೆಲ ಅದು. ಕಾಗದದಲ್ಲಿ ಅಲ್ಲಿ ಮನೆಯಿಲ್ಲ, ಊರಿಲ್ಲ, ಹಾಗಾಗಿ ನಿವಾಸಿಗಳೂ ಇಲ್ಲ.

ಇದೇ ಹಿನ್ನೀರಿಗೆ ರಾಜಹಂಸ ಹಕ್ಕಿಗಳು ಬಂದು ನಿಲ್ಲುತ್ತವೆ. ಬಂದ ವಾರದಲ್ಲೇ ಪತ್ರಿಕೆಗಳಲ್ಲಿ ಫೋಟೊ, ದೂರದ ಅತಿಥಿಗಳು ಎಂಬ ತಲೆಬರಹ. ಹಕ್ಕಿಗೆ ಸಿಗುವ ಮರ್ಯಾದೆಗೆ ನನ್ನ ತಕರಾರಿಲ್ಲ. ಪಕ್ಕದಲ್ಲೇ ನಿಂತ ತೆಪ್ಪಗಳು ಆ ಫೋಟೊದಲ್ಲಿ ಚೆಂದದ ಹಿನ್ನೆಲೆಯಾಗಿ ಮಾತ್ರ ಬರುತ್ತವೆ ಎಂಬುದು ಮುಳ್ಳಿನಂತೆ ಚುಚ್ಚುತ್ತದೆ.

ನೀರಿನ ಮೇಲೆ ಬದುಕುವವರಿಗೆ ವಿಳಾಸ ಕೊಡುವುದು ಆಗದ ಕೆಲಸವೇನೂ ಅಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ಕಲ್ಲಿದ್ದಲು ಸಾಗಿಸುವ ದೋಣಿಗಳಲ್ಲೇ ಸಾವಿರಾರು ಕುಟುಂಬಗಳು ಬದುಕುತ್ತಿದ್ದವು. ಒಂದು ಇಕ್ಕಟ್ಟಿನ ಕೋಣೆಯಲ್ಲಿ ಇಡೀ ಸಂಸಾರ, ಮಕ್ಕಳಿಗೆ ಅಕ್ಷರವಿಲ್ಲ. ಜಾರ್ಜ್ ಸ್ಮಿತ್ ಎಂಬಾತ ಪಟ್ಟು ಹಿಡಿದು ಹೋರಾಡಿದ ಫಲವಾಗಿ 1877ರಲ್ಲಿ ಅಲ್ಲಿಯ ಸಂಸತ್ತು ಕಾಲುವೆ ದೋಣಿಗಳ ಕಾಯ್ದೆ ಮಾಡಿತು. ದೋಣಿಯನ್ನು ವಾಸದ ಮನೆಯೆಂದೇ ನೋಂದಾಯಿಸಬೇಕು, ಒಳಗೆ ಎಷ್ಟು ಜನ ಇರಬಹುದೆಂದು ಬರೆಯಬೇಕು, ದೋಣಿ ಯಾವ ಊರಲ್ಲಿ ನೋಂದಣಿಯಾಗಿದೆಯೋ ಮಕ್ಕಳ ಶಿಕ್ಷಣಕ್ಕೆ ಆ ಊರೇ ಹೊಣೆ ಎಂದಿತು. 1884ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಎಲ್ಲ ಮಕ್ಕಳೂ ಶಾಲೆಗೆ ಹೋದರೆಂದಲ್ಲ. ಆದರೆ ಈ ಮಗು ಯಾರ ಜವಾಬ್ದಾರಿ ಎಂದು ಕೇಳಿದರೆ ಬೆರಳು ಮಾಡಿ ತೋರಿಸಲು ಒಂದು ಊರು ಸಿಕ್ಕಿತು.

ನಮ್ಮಲ್ಲಿ ಕಾನೂನಿನ ಕೊರತೆಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವನ್ನು ಶಾಲೆಯ ಬಾಗಿಲಿಂದ ಹಿಂದೆ ಕಳಿಸುವಂತಿಲ್ಲ. ಪಡಿತರ ಚೀಟಿ ಇದ್ದರೆ ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಕಾಳು ಪಡೆಯಬಹುದು. ಮೀನುಗಾರ ನೀರಲ್ಲಿ ಸತ್ತರೆ ಮನೆಯವರಿಗೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ 5 ಲಕ್ಷ ರೂಪಾಯಿ ಅಪಘಾತ ವಿಮೆ ಇದೆ. ಇವಿಷ್ಟೂ ಸಿಗುವುದು ಹೆಸರು ಒಂದು ಪಟ್ಟಿಯಲ್ಲಿ ಇದ್ದವರಿಗೆ. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೋಗುವಷ್ಟರಲ್ಲಿ ತಾಲೂಕು ಬದಲಾಗುತ್ತದೆ, ಕೃಷ್ಣೆಯ ಆಚೆ ದಂಡೆಗೆ ಹೋದರಂತೂ ವಿಜಯಪುರ ಜಿಲ್ಲೆಯೇ ಬಂತು. ಅಂಗನವಾಡಿಯಲ್ಲಿ ಹೆಸರು ಬರೆಸಬೇಕಾದ ತಾಯಿ ಯಾವ ಊರವಳು ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ಈ ಮಾತಿಗೆ ಇದೇ ಸಮಯ ಎನ್ನಲು ಇನ್ನೊಂದು ಕಾರಣವೂ ಇದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಟ್ಟ ಮೇಲೆ ನಮ್ಮ ಜಿಲ್ಲೆಯ ಚರಿತ್ರೆಯೆಲ್ಲ ಮುಳುಗಡೆಯ ಚರಿತ್ರೆಯೇ. ಹಳೆ ಬಾಗಲಕೋಟೆಯ ಓಣಿಗಳು ನೀರು ಪಾಲಾದವು, ಚಾರ್ಲ್ಸ್ ಕೊರಿಯಾ ನಕ್ಷೆ ಹಾಕಿಕೊಟ್ಟ ನವನಗರ ಎದ್ದಿತು. ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ, ಹೊಸದಾಗಿ ಮುಳುಗಲಿರುವ ಸುಮಾರು 75 ಸಾವಿರ ಎಕರೆಗೆ ದರ ಗೊತ್ತುಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ್ದಕ್ಕೆ 30 ಲಕ್ಷ. ಜಮೀನಿದ್ದವರಿಗೆ ಇದು ಸಿಗಲೇಬೇಕು, ತಡವಾದದ್ದೇ ಅನ್ಯಾಯ. ಆದರೆ ನೀರು ಇನ್ನೂ ನಾಲ್ಕೂವರೆ ಮೀಟರ್ ಮೇಲೆ ಬಂದಾಗ ಈಗಿನ ತೆಪ್ಪದ ನಿಲ್ದಾಣಗಳೂ ಇರುವುದಿಲ್ಲ. ಅವು ಯಾರ ಹೆಸರಿನ ಉತಾರದಲ್ಲೂ ಇಲ್ಲದ ಕಾರಣ ಸಂತ್ರಸ್ತರ ಪಟ್ಟಿಗೂ ಬರುವುದಿಲ್ಲ.

ಹಾಗಾಗಿ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲಾಡಳಿತಗಳಿಗೆ, ಮೀನುಗಾರಿಕೆ ಇಲಾಖೆಗೆ ಒಂದು ವಿನಂತಿ. ಮುಳುಗಡೆಯ ಸಮೀಕ್ಷೆಗೆ ಹೋಗುವ ಸಿಬ್ಬಂದಿಯ ನಮೂನೆಯಲ್ಲಿ ಹೊಲ, ಮನೆ, ಬಾವಿ, ಮರಗಳ ಜೊತೆಗೆ ಮೀನುಗಾರರು ತಂಗುವ ದಂಡೆ ಎಂದೊಂದು ಅಂಕಣ ಸೇರಿಸಿ. ಪ್ರತಿ ತೆಪ್ಪಕ್ಕೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ಗ್ರಾಮ ಪಂಚಾಯಿತಿಯ ಹೆಸರು ಬರೆಯಿರಿ. ನೀರು ಮೇಲೇರಿದ ಮೇಲೂ ಉಳಿಯುವಂಥ ಎತ್ತರದಲ್ಲಿ ಕುಡಿಯುವ ನೀರಿನ ನಳ, ತಗಡಿನ ಚಾವಣಿ ಇರುವ ನಾಲ್ಕಾರು ದಂಡೆಗಳನ್ನು ಇವರಿಗೆಂದೇ ಬಿಟ್ಟುಕೊಡಿ, ಮತ್ತು ಹತ್ತಿರದ ಶಾಲೆಯ ಹೆಡ್‌ಮಾಸ್ತರರಿಗೆ ಆ ದಂಡೆಯ ಮಕ್ಕಳ ಪಟ್ಟಿಯನ್ನು ಪ್ರತಿ ವರ್ಷ ಜೂನಿನಲ್ಲಿ ಕಳಿಸಿ.